ಕಟ್ಟಿದಳು ಅಲ್ಲ, ಕಟ್ಟಿಸಿದಳು

ಅಶ್ವತ್ಥಯ್ಯ ಮೇಷ್ಟ್ರ ಕೆಂಪು ಶಾಯಿ ಹೆಚ್ಚಾಗಿ ಖರ್ಚಾಗುತ್ತಿದ್ದುದು ಒಂದೇ ಒಂದು ಅಕ್ಷರಕ್ಕೆ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಅವರು ನಮಗೆ ಚರಿತ್ರೆ ಪಾಠ ಮಾಡುತ್ತಿದ್ದರು. ‘ಅರಸನು ಕೋಟೆಯನ್ನು ಕಟ್ಟಿದನು’ ಎಂದು ನಮ್ಮಲ್ಲಿ ಯಾರಾದರೂ ಬರೆದರೆ, ‘ಟ್ಟಿ’ಯ ಪಕ್ಕದಲ್ಲಿ ಕೆಳಗಿನಿಂದ ಒಂದು ಬಾಣದ ಗುರುತು ಎಳೆದು ಅದರ ಮೇಲೆ ಕೊಕ್ಕೆಯಂಥ ‘ಸಿ’ ಒಂದನ್ನು ಕೂರಿಸುತ್ತಿದ್ದರು. ಕಟ್ಟಿಸಿದನು. ಕೆರೆಯನ್ನು ತೋಡಿದನು ಎಂದು ಬರೆದರೆ ತೋಡಿಸಿದನು. ದೇವಾಲಯವನ್ನು ಕೆತ್ತಿದನು ಎಂದರೆ ಕೆತ್ತಿಸಿದನು. ಆ ಒಂದು ಅಕ್ಷರ ಬಿಟ್ಟರೆ ಅರ್ಧ ಅಂಕ ಹೋಗುತ್ತಿತ್ತು.

“ಅರಸ ಬಾಂಡ್ಲಿ ಹೊತ್ತಿದ್ನೇನೋ? ನೀನು ನೋಡಿದ್ಯಾ?” ಎಂದು ಕೇಳುತ್ತಿದ್ದರು. “ಹೊತ್ತೋರು ಬೇರೆಯೋರು ಕಣೋ. ನಮ್ಮ ಭಾಷೇಲಿ ಅವರನ್ನೆಲ್ಲಾ ಒಂದಕ್ಷರದೊಳಗೆ ಬಚ್ಚಿಟ್ಟಿದಾರೆ. ನೀನು ಆ ಅಕ್ಷರಾನೂ ತಿಂದ್‌ಬಿಟ್ರೆ ಇನ್ನೇನಪ್ಪ ಉಳೀತು?”

ನಾವು ಅವರನ್ನು ಹಿಂದಿನಿಂದ ‘ಸಿ ಮೇಷ್ಟ್ರು’ ಎಂದು ಕರೆಯುತ್ತಿದ್ದೆವು. ಅವರಿಗೆ ಅದು ಗೊತ್ತಿತ್ತು.

ಕುಳ್ಳು ಆಳು. ಕಚ್ಚೆಪಂಚೆ, ಮೇಲೆ ಮೊಣಕೈ ಸವೆದ ಕರಿ ಕೋಟು. ಹೀಗೆಂದು ಬರೆದ ಮೇಲೆ ನನಗೆ ಅನುಮಾನ ಬರುತ್ತದೆ. ನನ್ನ ಹತ್ತಿರ ಇರುವ ತರಗತಿಯ ಗುಂಪು ಫೋಟೋದಲ್ಲಿ ಅವರು ಕೋಟು ಹಾಕಿಲ್ಲ, ಬಿಳಿ ಜುಬ್ಬ ತೊಟ್ಟಿದ್ದಾರೆ. ಕೋಟು ಹೆಡ್ಮಾಸ್ತರರ ಮೈಮೇಲಿದೆ. ನಾನು ಚರಿತ್ರೆಯಲ್ಲಿ ಆನರ್ಸ್ ಓದಿದವನು, ನೆನಪನ್ನು ಆಧಾರವೆಂದು ಒಪ್ಪಬಾರದೆಂದು ಕಲಿತವನು. ಬೇರೊಬ್ಬರ ಕೋಟನ್ನು ಇವರಿಗೆ ತೊಡಿಸಿರಬಹುದು. ಆದರೆ ಸಿಟ್ಟು ಬಂದಾಗ ಅವರ ದನಿ ಏರದೆ ಇಳಿಯುತ್ತಿತ್ತು, ಕನ್ನಡಕ ತೆಗೆದು ಮೇಜಿನ ಮೇಲೆ ಮಲಗಿಸುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕನ್ನಡಕ ಮೇಜಿಗೆ ಬಂತೆಂದರೆ ಇಡೀ ತರಗತಿ ಉಸಿರು ಹಿಡಿಯುತ್ತಿತ್ತು.

ಐವತ್ತರ ದಶಕದ ನಡುವೆ ಒಮ್ಮೆ ಅವರು ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತಂದರು. ರಷ್ಯಾದ ಚಕ್ರವರ್ತಿಗಳು ತಮ್ಮ ಉದ್ಯಾನಗಳಲ್ಲಿ ಕಟ್ಟಿಸಿಕೊಂಡ ಚಿಕ್ಕ ಚಿಕ್ಕ ಅರಮನೆಗಳ ಪುಸ್ತಕ ಅದು. ಅಲ್ಲಲ್ಲಿ ಬಣ್ಣದ ಚಿತ್ರಗಳನ್ನು ಅಂಟಿಸಿದ್ದರು. ನಮ್ಮ ಪಠ್ಯದಲ್ಲಿ ರಷ್ಯಾಕ್ಕೆ ಎರಡು ಪುಟ ಇದ್ದುವೋ ಇಲ್ಲವೋ. ಮೇಷ್ಟ್ರು ಅದಕ್ಕೆ ಒಂದು ಇಡೀ ಮಳೆಗಾಲ ಕೊಟ್ಟರು.

“ದೊಡ್ಡ ಅರಮನೇಲಿ ರಾಜ ದರ್ಬಾರು ಮಾಡ್ತಾನೆ. ಅಲ್ಲಿ ಅವನು ಜನ ನೋಡ್ತಾರೆ ಅಂತ ಹುಷಾರಾಗಿರ್ತಾನೆ,” ಎನ್ನುತ್ತಿದ್ದರು. “ತೋಟದ ಮನೆಗೆ ಹೋಗಿ ನೋಡ್ರೋ. ಅಲ್ಲಿ ಬುದ್ಧಿ ಬಿಚ್ಚಿಟ್ಟಿರ್ತಾನೆ.”

ಹಾಗೆ ಅವರು ನಮಗೆ ತೋರಿಸಿದ ಮೊದಲನೆಯ ಮನೆ ಪೀಟರ್‌ಹೋಫ್ ಎಂಬ ಊರಿನ ಸಮುದ್ರದಂಡೆಯಲ್ಲಿತ್ತು. ಸುತ್ತ ನೀರಿನ ಕಂದಕ, ಎರಡೇ ಅಂತಸ್ತು, ಮೇಲೆ ಗೋಡೆ ತುಂಬ ಚಿತ್ರಪಟಗಳಿರುವ ಊಟದ ಕೋಣೆ. ಕೆಳಗೆ ಅಡಿಗೆಮನೆ. ಮೇಲಿನ ಊಟದ ಮೇಜಿನ ನಡುಭಾಗ ಹಗ್ಗದ ಮೇಲೆ ಬಾವಿಯ ಕೊಡದ ಹಾಗೆ ಕೆಳಗಿಳಿಯುತ್ತಿತ್ತು. ಅತಿಥಿ ತನಗೆ ಬೇಕಾದುದನ್ನು ಚೀಟಿಯಲ್ಲಿ ಬರೆದು ತಟ್ಟೆಯಲ್ಲಿಟ್ಟು ಗಂಟೆ ಎಳೆದರೆ ತಟ್ಟೆ ಕೆಳಗಿಳಿದು, ತುಂಬಿಕೊಂಡು ಮೇಲೆ ಬರುತ್ತಿತ್ತು. ನಮಗೆಲ್ಲ ಬಹಳ ಖುಷಿಯಾಯಿತು. ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಯಾಕೆ ಮಾಡಿಸಿದಾರೆ ಗೊತ್ತೇನ್ರೋ ಇದನ್ನ? ಬಡಿಸೋನ ಮುಖ ಕಾಣಬಾರದು ಅಂತ. ಊಟ ಬೇಕು, ಬಡಿಸೋ ಕೈ ಬೇಡ.”

ಹಿಂದಿನ ಬೆಂಚಿನಿಂದ ಮುನಿರಾಜು ಎದ್ದು ನಿಂತ. ಅವನು ಜಂಗಮಕೋಟೆ ಕಡೆಯ ಹುಡುಗ, ಊರ ಹೊರಗಿನ ಕೇರಿಯವನು. ತರಗತಿಯಲ್ಲಿ ಅವನು ಬಾಯಿ ತೆರೆದದ್ದೇ ಕಡಿಮೆ.

“ಸಾ, ನಮ್ಮೋರಿಗೆ ಹೋಟ್ಲಲ್ಲಿ ಹಿಂದ್ಗಡೆ ಕಿಟಕೀಲಿ ಕಾಫಿ ಇಡ್ತಾರೆ. ಯಾರು ಇಟ್ರು ಅಂತ ನಮಗೂ ಕಾಣಲ್ಲ, ಯಾರು ತಗೊಂಡ್ರು ಅಂತ ಅವರೂ ನೋಡಲ್ಲ. ಅದೂ ಇಂಥದ್ದೇನಾ ಸಾ?”

ಮೇಷ್ಟ್ರು ಕನ್ನಡಕ ಮತ್ತೆ ಹಾಕಿಕೊಂಡು ಅವನತ್ತ ನೋಡಿದರು. ಆಮೇಲೆ, “ಅದು ಇದಕ್ಕಿಂತ ಹಳೇ ಯಂತ್ರ ಕಣಪ್ಪ. ಹಗ್ಗಾನೂ ಬೇಕಿಲ್ಲ ಅದಕ್ಕೆ,” ಎಂದರು. ಮುನಿರಾಜು ಕುಳಿತ. ಅಂದು ಮತ್ತೆ ಪಾಠ ನಡೆಯಲಿಲ್ಲ.

ಎಲ್ಲವೂ ಹೀಗೆ ಬಿಗಿಯಾಗಿರುತ್ತಿರಲಿಲ್ಲ. ಓರಾನಿಯನ್‌ಬೌಮ್ ಎಂಬ ಉದ್ಯಾನದಲ್ಲಿ ನೀಲಿ ಬಣ್ಣದ, ಮೇಲೆ ಗಂಟೆಯಾಕಾರದ ಗುಮ್ಮಟವಿರುವ ಒಂದು ಅರಮನೆಯ ಚಿತ್ರ ತೋರಿಸಿ, “ಇದು ಯಾತಕ್ಕೆ ಕಟ್ಟಿಸಿದ್ದು ಹೇಳಿ,” ಎಂದು ಕೇಳಿದರು. ಮದುವೆಗೆ, ಪೂಜೆಗೆ, ನ್ಯಾಯ ಮಾಡೋದಕ್ಕೆ ಎಂದು ಒಬ್ಬೊಬ್ಬರೂ ಒಂದೊಂದು ಹೇಳಿದೆವು. “ಜಾರುಬಂಡೆಗೆ ಕಣ್ರೋ!” ಎಂದು ಅವರೇ ನಕ್ಕುಬಿಟ್ಟರು. ಮಹಾರಾಣಿಯೂ ಅವಳ ಬಳಗವೂ ಮೇಲಂತಸ್ತಿನಿಂದ ಚಕ್ರದ ಗಾಡಿಯಲ್ಲಿ ಕುಳಿತು ಮರದ ಇಳಿಜಾರಿನ ಮೇಲೆ ಜಾರುತ್ತಿದ್ದರಂತೆ. ಇಳಿಜಾರು ಎಂದೋ ಲಡ್ಡು ಹಿಡಿದು ಹೋಯಿತು, ಹತ್ತುವ ಮನೆ ಮಾತ್ರ ನಿಂತಿದೆ. “ನೀವು ಚಡ್ಡಿ ಹರ್ಕೊಂಡು ಬಂಡೆ ಮೇಲೆ ಜಾರಿದ್ರೆ ನಿಮ್ಮಮ್ಮ ಬೆನ್ನಿಗೆ ಬಾರಿಸ್ತಾಳೆ. ಇವಳಿಗೆ ಅರಮನೆ. ಗಾಡೀನ ತಿರುಗಿ ಮೇಲಕ್ಕೆ ತಳ್ಳೋರ್ಯಾರು ಅಂತ ಕೇಳಿ. ಪುಸ್ತಕದಲ್ಲಿ ಬರೆದಿಲ್ಲ.”

ಅದೇ ಉದ್ಯಾನದ ಇನ್ನೊಂದು ಮನೆಯೇ ಅವರನ್ನು ಹಿಡಿದುಕೊಂಡದ್ದು. ಅದರ ಹೆಸರು ಚೀನೀ ಅರಮನೆ. ಹೊರಗಿನಿಂದ ನೋಡಿದರೆ ಒಂದೇ ಅಂತಸ್ತಿನ ಸಾದಾ ಮನೆ, ಚೀನಾದ ಸುಳಿವೇ ಇಲ್ಲ. “ಹೆಸರು ಚೀನಾದ್ದು, ನೆಲ ರಷ್ಯಾದ್ದು, ಕಟ್ಟಿಸಿದೋಳು ಜರ್ಮನಿಯಿಂದ ಬಂದ ಸೊಸೆ, ನಕ್ಷೆ ಬರೆದೋನು ಇಟಲಿಯೋನು. ಕೂಲಿ ಮಾತ್ರ ಅಲ್ಲಿಯೋರ್ದೇ,” ಎನ್ನುತ್ತಿದ್ದರು ಮೇಷ್ಟ್ರು. ವರ್ಷದಲ್ಲಿ ಕೆಲವೇ ದಿನ ಆ ಮಹಾರಾಣಿ ಅಲ್ಲಿಗೆ ಬರುತ್ತಿದ್ದಳಂತೆ. ಉಳಿದ ದಿನಗಳಲ್ಲಿ ಆ ಮನೆ ತನ್ನ ಪಾಡಿಗೆ ತಾನು ಹೊಳೆಯುತ್ತ ಕುಳಿತಿರುತ್ತಿತ್ತು.

ಒಳಗೆ ಒಂದು ಕೋಣೆ. ಅದರ ಗೋಡೆಗೆ ಸುಣ್ಣವಿಲ್ಲ, ಬಣ್ಣವಿಲ್ಲ. ಬಟ್ಟೆಯ ಮೇಲೆ ಹಾಲಿನ ಬಣ್ಣದ ಉದ್ದುದ್ದ ಗಾಜಿನ ಮಣಿಗಳನ್ನು ಒತ್ತೊತ್ತಾಗಿ ಹೊಲಿದು, ಆ ಮಿನುಗುವ ಹಿನ್ನೆಲೆಯ ಮೇಲೆ ರೇಷ್ಮೆಯಲ್ಲಿ ಗಿಡ, ಬಳ್ಳಿ, ಎಲ್ಲಿಯೂ ಇಲ್ಲದ ಹಕ್ಕಿಗಳನ್ನು ಕಸೂತಿ ಮಾಡಿದ್ದಾರೆ. ಆ ರೇಷ್ಮೆ ದಾರ ಜುಂಗುಜುಂಗಾದದ್ದು, ಫ್ರೆಂಚಿನಲ್ಲಿ ಅದರ ಹೆಸರಿನ ಅರ್ಥವೇ ಕಂಬಳಿಹುಳು. ಇದು ತಿಳಿದ ದಿನ ಮೇಷ್ಟ್ರು ನಾಲ್ಕು ಬೀದಿ ನಡೆದು ಎಲ್ಲರಿಗೂ ಹೇಳಿದರು. ನಮ್ಮೂರೇ ರೇಷ್ಮೆಯ ಊರು. ಗೂಡು ಬೇಯುವ ವಾಸನೆಯಿಲ್ಲದ ಓಣಿ ಅಲ್ಲಿ ಇರಲಿಲ್ಲ. ಹುಳು ಕಟ್ಟಿದ ನೂಲನ್ನು ಬಿಚ್ಚಿ, ಹೊಸೆದು, ಮತ್ತೆ ಹುಳುವಿನ ಹಾಗೆಯೇ ಮಾಡಿ ಗೋಡೆಗೆ ಹೊಲಿದರೆಂಬುದು ಅವರಿಗೆ ಎಷ್ಟು ಹೇಳಿದರೂ ಮುಗಿಯದ ಸೋಜಿಗ.

ಒಂದು ಮಧ್ಯಾಹ್ನ ಅವರು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ತರಗತಿಯನ್ನೇ ಫಾತಿಮಾಬಿಯ ಚರಕದ ಮನೆಗೆ ಕರೆದೊಯ್ದರು. ಆಕೆ ಕುದಿಯುವ ನೀರಿನಲ್ಲಿ ಗೂಡು ಮುಳುಗಿಸಿ ಬರಿಗೈಯಲ್ಲಿ ಎಳೆ ಹುಡುಕಿ ನೂಲು ತೆಗೆಯುತ್ತಿದ್ದಳು. ಬೆರಳುಗಳು ಬೆಂದು ಬಿಳಿಚಿ ಸುಕ್ಕುಗಟ್ಟಿದ್ದವು. ಪುಟ ಒದ್ದೆಯಾದೀತೆಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಕುತ್ತಿಗೆ ಮಾತ್ರ ಮುಂದೆ ಚಾಚಿ ಚಿತ್ರ ನೋಡಿದಳು. ಬಹಳ ಹೊತ್ತು ನೋಡಿದಳು.

“ಇದು ಒಬ್ರು ಕೈ ಅಲ್ಲ ಮೇಷ್ಟ್ರೇ,” ಎಂದಳು. “ಈ ಹಕ್ಕಿ ಮಾಡಿದೋಳು ನಿಧಾನದೋಳು. ಆ ಕಡೆ ಹಕ್ಕಿ ನೋಡಿ, ಬಾಲದಲ್ಲಿ ಅವಸರ ಮಾಡ್ಯಾಳೆ. ಮನೇಲಿ ಮಗು ಅಳ್ತಿತ್ತೋ ಏನೋ.”

“ಒಂಬತ್ತು ಜನ ಇದ್ರಂತಮ್ಮ.”

“ಹೆಸರು ಏನು ಅವರದು?”

ಮೇಷ್ಟ್ರು ಪುಟ ತಿರುವಿದರು. ಒಂದು ಸಾಲಿನ ಮೇಲೆ ಬೆರಳಿಟ್ಟು, “ಇವಳು ಮಾರ್ಫಾ ಅಂತ. ಆ ಅವಸರದೋಳು ದಾರ್ಯಾ,” ಎಂದರು.

“ದರಿಯಾ,” ಎಂದು ಫಾತಿಮಾಬಿ ತನ್ನ ಬಾಯಿಗೆ ಒಗ್ಗುವಂತೆ ಹೇಳಿ ನಕ್ಕಳು. “ಒಳ್ಳೇ ಹೆಸರು.” ಮತ್ತೆ ಬಿಸಿನೀರಿಗೆ ಕೈ ಹಾಕಿದಳು.

ಬೆರಳಿಟ್ಟು ಓದಿದ್ದನ್ನು ನಾನು ಕಣ್ಣಾರೆ ಕಂಡೆ. ಈ ಮಾತನ್ನು ಇಲ್ಲಿ ಗಟ್ಟಿಯಾಗಿ ಹೇಳಿಡುತ್ತೇನೆ.

ಆ ವಾರ ಒಂಬತ್ತೂ ಹೆಸರು ಕರಿಹಲಗೆಗೆ ಬಂದುವು. ಮಾರ್ಫಾ, ದಾರ್ಯಾ, ಅವ್ದೋತ್ಯಾ, ಪ್ರಸ್ಕೋವ್ಯಾ, ಅಕ್ಸೀನ್ಯಾ, ಉಸ್ತೀನ್ಯಾ, ಫೆಕ್ಲಾ, ಅಗಾಫ್ಯಾ, ಮತ್ರ್ಯೋನಾ. ನಾವು ಮಗ್ಗಿಯಂತೆ ಒಪ್ಪಿಸಿದೆವು. ಪ್ರಸ್ಕೋವ್ಯಾಳನ್ನು ಪರಸಕ್ಕ ಮಾಡಿದ್ದಕ್ಕೆ ಇಬ್ಬರು ಬೆಂಚಿನ ಮೇಲೆ ನಿಂತರು. ಪರೀಕ್ಷೆಯಲ್ಲಿ ‘ಚೀನೀ ಅರಮನೆಯ ಮಣಿಗೋಡೆಯನ್ನು ಮಾಡಿದವರು ಯಾರು?’ ಎಂಬ ಪ್ರಶ್ನೆ ಬಂತು. ಮಹಾರಾಣಿ ಎಂದು ಬರೆದವರಿಗೆ ಸೊನ್ನೆ ಸಿಕ್ಕಿತು. ಒಂಬತ್ತು ಹೆಸರನ್ನೂ ಬರೆದವನು ನಾನೊಬ್ಬನೇ. ಚರಿತ್ರೆಯನ್ನೇ ಓದಬೇಕೆಂದು ನಾನು ತೀರ್ಮಾನಿಸಿದ್ದು ಆ ಅಂಕ ನೋಡಿದ ದಿನ.

ಮೈಸೂರಿನಲ್ಲಿ ಆನರ್ಸ್‌ಗೆ ಸೇರಿದ ಮೊದಲ ವರ್ಷವೇ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಅದೇ ಪುಸ್ತಕ ನನ್ನ ಕೈಗೆ ಸಿಕ್ಕಿತು. ಅದೇ ಚಿತ್ರ, ಅದೇ ಪುಟ. ಮಹಾರಾಣಿಯ ಹೆಸರಿತ್ತು. ನಕ್ಷೆ ಬರೆದವನ ಹೆಸರಿತ್ತು. ಕಸೂತಿಯ ಮೇಲ್ವಿಚಾರಣೆಗೆ ಒಬ್ಬ ಫ್ರೆಂಚ್ ಹೆಂಗಸು ಇದ್ದಳು, ಅವಳ ಹೆಸರೂ ಇತ್ತು. ಕೊನೆಗೆ ‘ಒಂಬತ್ತು ಜನ ರಷ್ಯನ್ ಹೊಲಿಗೆಯ ಹೆಂಗಸರು’ ಎಂದಿತ್ತು, ಅಷ್ಟೆ. ಹೆಸರುಗಳಿರಲಿಲ್ಲ. ಅಡಿಟಿಪ್ಪಣಿ ನೋಡಿದೆ, ಸೂಚಿ ನೋಡಿದೆ, ಸಿಕ್ಕಿದ ಬೇರೆ ಪುಸ್ತಕಗಳನ್ನೂ ತಿರುವಿದೆ. ಎಲ್ಲಿಯೂ ಎಣಿಕೆ ಇತ್ತೇ ಹೊರತು ಹೆಸರಿರಲಿಲ್ಲ.

ನನಗೆ ಬಂದ ಸಿಟ್ಟು ಸಾಮಾನ್ಯವಾದುದಲ್ಲ. ಹದಿನಾಲ್ಕು ವರ್ಷದ ಹುಡುಗನ ತಲೆಗೆ ಸುಳ್ಳನ್ನು ಮಗ್ಗಿಯಾಗಿ ತುಂಬಿ, ಅದಕ್ಕೆ ಅಂಕವನ್ನೂ ಕೊಟ್ಟ ಮನುಷ್ಯ ಎಂಥ ಚರಿತ್ರೆಯ ಮೇಷ್ಟ್ರು? ಆಧಾರವಿಲ್ಲದ್ದನ್ನು ಹೇಳಬಾರದೆಂದು ನನ್ನ ಪ್ರಾಧ್ಯಾಪಕರು ದಿನವೂ ಬಡಿದುಕೊಳ್ಳುತ್ತಿದ್ದರು. ನನ್ನ ಅಡಿಪಾಯದ ಕಲ್ಲೇ ಟೊಳ್ಳಾಗಿತ್ತು. ಕಾಗದ ಬರೆದು ಕೇಳಬೇಕೆಂದುಕೊಂಡೆ. ಬರೆಯಲಿಲ್ಲ. ಎದುರಿಗೇ ಕೇಳುತ್ತೇನೆ ಎಂದು ಕಾದಿಟ್ಟುಕೊಂಡೆ.

ಆ ಬೇಸಿಗೆ ರಜೆಗೆ ಊರಿಗೆ ಬಂದಾಗ ಶಾಲೆಯಲ್ಲಿ ಹೊಸ ಕೊಠಡಿ ಎದ್ದಿತ್ತು. ದುಡ್ಡು ಕೊಟ್ಟವರು ಗೂಡಿನ ವ್ಯಾಪಾರಿ ಪಾಪಣ್ಣನವರು, ಕಟ್ಟಡ ಸಮಿತಿಯ ಅಧ್ಯಕ್ಷರೂ ಅವರೇ. ಬಾಗಿಲ ಪಕ್ಕದಲ್ಲಿ ಕೂರಿಸುವ ಕಲ್ಲಿಗೆ ಒಕ್ಕಣೆ ಬರೆದುಕೊಡುವ ಕೆಲಸ ಅಶ್ವತ್ಥಯ್ಯ ಮೇಷ್ಟ್ರಿಗೆ ಬಂದಿತ್ತು. ‘ಶ್ರೀ ಪಾಪಣ್ಣನವರು ಕಟ್ಟಿದ ಕೊಠಡಿ’ ಎಂದು ಸಮಿತಿ ಬರೆದು ಕಳಿಸಿದ ಚೀಟಿಗೆ ಅವರು ಅಭ್ಯಾಸಬಲದಿಂದ ಕೆಂಪು ಶಾಯಿಯಲ್ಲಿ ‘ಸಿ’ ಹಾಕಿ ವಾಪಸು ಕಳಿಸಿದ್ದರಂತೆ.

“ಏನ್ ಮೇಷ್ಟ್ರೇ, ನಾನೇನು ನಿಮ್ಮ ಕ್ಲಾಸಿನ ಹುಡುಗನಾ?” ಎಂದು ಪಾಪಣ್ಣನವರು ಕೇಳಿದರಂತೆ. “ಒಂದಕ್ಷರಕ್ಕೆ ಇಷ್ಟು ರಾದ್ಧಾಂತವಾ?”

“ಆ ಒಂದಕ್ಷರದಲ್ಲೇ ಸ್ವಾಮಿ, ಆರು ಜನ ಕೂತಿರೋದು.”

ಪಾಪಣ್ಣನವರು ನಕ್ಕು, ಹೋಗಲಿ ಎಂದು ‘ಸಿ’ಗೆ ಒಪ್ಪಿದರು. ಮೇಷ್ಟ್ರು ಅಲ್ಲಿಗೆ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಅಕ್ಷರ ಕೆತ್ತುವವನಿಗೆ ಕೊಡುವ ಕಾಗದದಲ್ಲಿ, ಯಾರನ್ನೂ ಕೇಳದೆ, ಕೆಳಗೆ ಒಂದು ಸಾಲು ಸೇರಿಸಿದರು: ‘ಕಲ್ಲು ಒಡೆದು ಗೋಡೆ ಎತ್ತಿದವರು’ ಎಂದು ಬರೆದು ಆರು ಹೆಸರು.

ಉದ್ಘಾಟನೆಯ ದಿನ ನಾನು ಅಲ್ಲಿದ್ದೆ. ಕಲ್ಲಿಗೆ ಹೊದಿಸಿದ್ದ ಬಟ್ಟೆ ಸರಿಸಿದರು, ಚಪ್ಪಾಳೆ ಬಿತ್ತು. ಒಕ್ಕಣೆಯನ್ನು ಓದಿ ಹೇಳಿ ಎಂದು ಹೆಡ್ಮಾಸ್ತರರು ಮೇಷ್ಟ್ರಿಗೆ ಹೇಳಿದರು. ಮೇಷ್ಟ್ರು ಕೊನೆಯವರೆಗೂ ಓದಿದರು. ಮೊದಲ ಹೆಸರು ಗಂಗುಲಪ್ಪ. ಸುಣ್ಣದ ಗುಡ್ಡೆಯ ಹತ್ತಿರ ತಲೆಗೆ ಟವೆಲು ಸುತ್ತಿ ನಿಂತಿದ್ದ ಮುದುಕ ತನ್ನ ಹೆಸರು ಕೇಳಿದವನೇ ಟವೆಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಶಾಮಿಯಾನದ ಕೆಳಕ್ಕೆ ಓಡಿಬಂದ.

“ನನ್ನೇನಾ ಸಾಮಿ ಪಿಲಿಚಿಂದಿ?” ಎಂದ. ಕರೆದದ್ದು ನನ್ನನ್ನೇನಾ ಸ್ವಾಮಿ ಎಂದು ತೆಲುಗಿನಲ್ಲಿ ಕೇಳುತ್ತಿದ್ದ. ಏನೋ ಎತ್ತಿಡಬೇಕು, ಅದಕ್ಕೆ ಕರೆದಿದ್ದಾರೆ ಎಂದುಕೊಂಡಿದ್ದ.

ಜನ ನಕ್ಕರು. ನಾನೂ ನಕ್ಕೆ. ಪಾಪಣ್ಣನವರ ಮುಖ ಮಾತ್ರ ಬಿಗಿದುಕೊಂಡಿತು.

ಅದೇ ಸಂಜೆ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಇದೇ ಮಾತು. ಕೂಲಿಯವರ ಹೆಸರನ್ನು ಕಲ್ಲಿನ ಮೇಲೆ ಹಾಕುವುದು ಎಲ್ಲಾದರೂ ಉಂಟೇ ಎಂದು ಸಮಿತಿಯ ಒಬ್ಬರು ಕೂಗಾಡುತ್ತಿದ್ದರು. ಅಂಚೆಯ ರಾಮಣ್ಣ ಮೇಷ್ಟ್ರ ಪರ ನಿಂತ. “ಯಾಕಿಲ್ಲ? ರಷ್ಯಾ ರಾಣಿ ಅರಮನೇಲೇ ಹೊಲಿಗೆ ಹೆಂಗಸರ ಹೆಸರು ಇದಾವಂತೆ. ನನ್ನ ಮಗಳು ಬಾಯಿಪಾಠ ಹೇಳ್ತಾಳೆ. ರಾಣಿಗಿಲ್ಲದ ಮರ್ಯಾದೆ ನಿಮ್ಮ ಪಾಪಣ್ಣನಿಗೇನಪ್ಪ?”

ನಾನು ಬಾಯಿ ಹಾಕಿದೆ. “ಅಲ್ಲಿ ಹೆಸರೇ ಇಲ್ಲ ರಾಮಣ್ಣ. ನಾನು ಆ ಪುಸ್ತಕ ನೋಡಿದೀನಿ. ಅವೆಲ್ಲಾ ಮೇಷ್ಟ್ರು ಕಟ್ಟಿದ್ದು.”

ಆಮೇಲೆ ಸಮಿತಿಯವರು ನನ್ನ ಕಾಫಿಯ ಜೊತೆಗೆ ಒಂದು ಮಸಾಲೆ ದೋಸೆಯನ್ನೂ ತರಿಸಿದರು ಎಂದು ನನ್ನ ನೆನಪು. ಈ ದೋಸೆ ನಿಜವೋ, ನನ್ನನ್ನು ನಾನೇ ಬೈದುಕೊಳ್ಳಲು ಆಮೇಲೆ ಸೇರಿಸಿಕೊಂಡದ್ದೋ ಹೇಳಲಾರೆ. ಮಾತು ಆಡಿದ್ದು ನಿಜ.

ಹದಿನೈದು ದಿನದಲ್ಲಿ ಸಮಿತಿಯಿಂದ ಶಿಕ್ಷಣ ಇಲಾಖೆಗೆ ಅರ್ಜಿ ಹೋಯಿತು. ಕಲ್ಲಿನ ವಿಷಯ ಅದರಲ್ಲಿ ಒಂದು ಸಾಲು. ಉಳಿದದ್ದೆಲ್ಲ, ಈ ಉಪಾಧ್ಯಾಯರು ಮಕ್ಕಳಿಗೆ ಕಲ್ಪಿತ ಹೆಸರುಗಳನ್ನು ಚರಿತ್ರೆಯೆಂದು ಕಲಿಸುತ್ತಾರೆ ಎಂಬ ದೂರು. ವಿಚಾರಣೆಗೆ ಬಂದ ಅಧಿಕಾರಿ ಪುಸ್ತಕ ತರಿಸಿ, “ಒಂಬತ್ತು ಹೆಸರು ಎಲ್ಲಿದೆ ತೋರಿಸಿ,” ಎಂದರು.

“ಇಲ್ಲ. ನಾನೇ ಇಟ್ಟೆ,” ಎಂದರು ಮೇಷ್ಟ್ರು.

“ಚರಿತ್ರೆ ಅಂದ್ರೆ ಬಿಟ್ಟ ಸ್ಥಳ ತುಂಬೋ ಪ್ರಶ್ನೆ ಅಂದ್ಕೊಂಡ್ರೇನ್ರೀ?”

ಮೇಷ್ಟ್ರು ಪುಸ್ತಕ ಮುಚ್ಚಿದರಂತೆ. ಕನ್ನಡಕ ತೆಗೆದಿಟ್ಟರೋ ಇಲ್ಲವೋ, ನನಗೆ ಹೇಳಿದವರು ಯಾರೂ ಗಮನಿಸಿರಲಿಲ್ಲ. ಆ ಹೆಸರುಗಳೇ ಕಟ್ಟುಕತೆಯಾದ ಮೇಲೆ ಕಲ್ಲಿನ ಮೇಲಿನ ಹೆಸರುಗಳಿಗೇನು ಗ್ಯಾರಂಟಿ ಎಂದು ಸಮಿತಿ ಕೇಳಿತು. ಆ ಸಾಲನ್ನು ತೆಗೆಸುವುದೆಂದು ತೀರ್ಮಾನವಾಯಿತು. ಮೇಷ್ಟ್ರನ್ನು ಗೌರಿಬಿದನೂರಿನ ಕಡೆ ಮಂಚೇನಹಳ್ಳಿಗೆ ವರ್ಗ ಮಾಡಿದರು. ಚಿಂತಾಮಣಿಯಲ್ಲಿ ಅವರ ವಿಧವೆ ಅಕ್ಕ ಒಬ್ಬರೇ ಇದ್ದರು, ಕಣ್ಣು ಕಾಣುತ್ತಿರಲಿಲ್ಲ. ಪ್ರತಿ ಶನಿವಾರ ಮಧ್ಯಾಹ್ನ ಹೋಗಿ ಅವರಿಗೆ ವಾರದ ಅಡಿಗೆಸಾಮಾನು ಜೋಡಿಸಿಟ್ಟು ಬರುತ್ತಿದ್ದ ಮನುಷ್ಯನನ್ನು, ಮೂರು ಬಸ್ಸು ಬದಲಾಯಿಸುವ ಊರಿಗೆ ಕಳಿಸಿದರು.

ಗಂಗುಲಪ್ಪ ಎಂಬುವನು ಇದ್ದಾನೋ ಇಲ್ಲವೋ ಎಂದು ತಿಳಿಯಲು ಯಾವ ಗ್ರಂಥಾಲಯಕ್ಕೂ ಹೋಗಬೇಕಾಗಿರಲಿಲ್ಲ. ಅವನು ಸುಣ್ಣದ ಗುಡ್ಡೆಯ ಪಕ್ಕದಲ್ಲೇ ನಿಂತಿದ್ದ. ಸಮಿತಿಯವರು ಅವನಿಗೆ ಬೀಡಿ ಕೊಟ್ಟಿದ್ದರು, ಬೈದಿದ್ದರು, ಹೆಸರು ಹಿಡಿದೇ ಕರೆದಿದ್ದರು. ಎಲ್ಲೋ ಇನ್ನೂರು ವರ್ಷದ ಹಿಂದೆ ಸತ್ತ ಒಂಬತ್ತು ಹೆಂಗಸರ ಸುಳ್ಳು ಹೆಸರಿನ ನೆಪದಲ್ಲಿ, ಎದುರಿಗೆ ಬದುಕಿದ್ದ ಆರು ಜನರ ನಿಜವಾದ ಹೆಸರನ್ನು ಒಡೆದುಹಾಕಿದರು. ಸತ್ಯಕ್ಕಾಗಿ ಎಂದು ಹೇಳಿಕೊಂಡು ಒಡೆದರು. ಆ ಸತ್ಯವನ್ನು ಅವರ ಕೈಗೆ ಕೊಟ್ಟವನು ನಾನು.

ಶಾಲೆಯ ಜವಾನ ಆಮೇಲೆ ಇನ್ನೊಂದು ಮಾತು ಹೇಳಿದ. ನಾನು ನೋಡಿದ್ದಲ್ಲ, ಅವನು ಹೇಳಿದ್ದು. ಆ ಸಾಲನ್ನು ಕೆತ್ತಿ ತೆಗೆಯಲು ಗಂಗುಲಪ್ಪನನ್ನೇ ಕರೆಸಿದರಂತೆ. ಅವನಿಗೆ ಓದು ಬಾರದು. ಉಳಿ ಹಿಡಿದು ಕುಳಿತು, “ಯಾವ ಸಾಲು ಸಾಮಿ?” ಎಂದು ಕೇಳಿದನಂತೆ. ಹೆಡ್ಮಾಸ್ತರರು ಬೆತ್ತದ ತುದಿಯಿಂದ ತೋರಿಸಿದರಂತೆ.

ಅರವತ್ತರ ದಶಕದ ಮೊದಲಲ್ಲಿ, ನಾನು ಉಪನ್ಯಾಸಕನಾದ ಮೇಲೆ, ಗೌರಿಬಿದನೂರಿಗೆ ಒಂದು ಮದುವೆಗೆ ಹೋಗುವ ದಾರಿಯಲ್ಲಿ ಮಂಚೇನಹಳ್ಳಿಯಲ್ಲಿ ಇಳಿದೆ. ಅಷ್ಟು ವರ್ಷ ಹೋಗದಿದ್ದುದಕ್ಕೆ ನನ್ನ ಹತ್ತಿರ ಕಾರಣವಿಲ್ಲ. ಮೇಷ್ಟ್ರು ಶಾಲೆಯ ಜಗಲಿಯ ಮೇಲೆ ನೋಟ್‌ಬುಕ್ಕುಗಳನ್ನು ಗುಡ್ಡೆ ಹಾಕಿಕೊಂಡು ತಿದ್ದುತ್ತಿದ್ದರು. ಕೂದಲು ಪೂರ್ತಿ ಬಿಳಿಯಾ‌ಗಿತ್ತು.

“ಬಾಪ್ಪ, ಬಾ. ಉಪನ್ಯಾಸಕ ಆದ್ಯಂತಲ್ಲ. ಕೂತ್ಕೋ. ಅಲ್ಲಿ ಶಾಯಿ ಇದೆ, ನೋಡ್ಕೊಂಡು.”

ಕ್ಷಮೆ ಕೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳನ್ನು ಶುರುಮಾಡಿದೆ. ಅವರು ಅರ್ಧಕ್ಕೇ ತಡೆದರು.

“ಇಲ್ಲದ್ದನ್ನ ಇಲ್ಲ ಅಂದೆ. ಅದಕ್ಕೆ ಯಾಕಯ್ಯ ಮಾಫಿ? ಸುಳ್ಳು ಹೇಳಿದೋನು ನಾನು.”

“ಯಾಕೆ ಹೇಳಿದ್ರಿ ಸಾರ್?” ಎಂದೆ. ಇಷ್ಟು ವರ್ಷ ಕಾದಿಟ್ಟಿದ್ದ ಸಿಟ್ಟು ನನಗೇ ತಿಳಿಯದೆ ದನಿಯಲ್ಲಿ ಬಂತು. “ಗೊತ್ತಿಲ್ಲ ಅನ್ನಬಹುದಿತ್ತು. ಪುಸ್ತಕದೋರು ಬರೆದಿಲ್ಲ ಅನ್ನಬಹುದಿತ್ತು. ಅದೇ ಒಂದು ಪಾಠ ಆಗ್ತಿತ್ತು.”

“ಆಗ್ತಿತ್ತು. ನೀನು ಹೇಳೋದು ಸರಿ.” ಪೆನ್ನಿನ ಮುಚ್ಚಳ ಹಾಕಿದರು. “ಆಯಮ್ಮ ಕೇಳಿದ್ಲು ಕಣಯ್ಯ. ಇಷ್ಟು ದಿನ ರಾಜರ ಹೆಸರು ಕೇಳಿದೋರು ಇದಾರೆ, ಇಸವಿ ಕೇಳಿದೋರು ಇದಾರೆ. ಅವರ ಹೆಸರೇನು ಅಂತ ಕೇಳಿದೋಳು ಆಯಮ್ಮ ಒಬ್ಳೇ. ಬೆಂದ ಕೈ ಹಿಂದೆ ಇಟ್ಕೊಂಡು ಕೇಳಿದ್ಲು. ಪುಸ್ತಕದಲ್ಲಿ ಹುಡುಕಿದೆ. ಮೇಲ್ವಿಚಾರಕಿ ಹೆಸರು ಐತೆ, ಇವರದ್ದಿಲ್ಲ. ಇಲ್ಲಮ್ಮ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಯಾವುದೋ ರಷ್ಯಾ ಕಥೇಲಿ ಓದಿದ್ದ ಹೆಸರು ಬಾಯಿಗೆ ಬಂತು. ಎರಡು ಹೇಳಿದ ಮೇಲೆ ಒಂಬತ್ತೂ ಹೇಳಬೇಕಾಯ್ತು. ತಪ್ಪೇ. ಅದಕ್ಕೆ ನನ್ನ ಇಲ್ಲಿಗೆ ಕಳಿಸಿದ್ರು, ಬಂದೆ. ಆ ಆರು ಜನ ಏನು ಮಾಡಿದ್ರು?”

ಅವರು ಕನ್ನಡಕ ತೆಗೆದು ನೋಟ್‌ಬುಕ್ಕಿನ ಮೇಲಿಟ್ಟರು.

“ಆ ಒಂಬತ್ತು ಹೆಸರು ನಿಂಗೆ ಇನ್ನೂ ನೆನಪಿದಾವಾ?”

“ಇದಾವೆ ಸಾರ್.”

“ಇರ್ತಾವೆ. ಈ ಆರು ಹೇಳು ನೋಡೋಣ. ಕಲ್ಲಿನ ಮುಂದೆ ನಾನು ಓದುವಾಗ ನೀನು ಮೂರನೇ ಸಾಲಲ್ಲಿ ನಿಂತಿದ್ದೆ.”

“ಗಂಗುಲಪ್ಪ,” ಎಂದೆ. “ಓಬಳೇಶ. ಸುಂಕಮ್ಮ.” ಅಲ್ಲಿಗೆ ನಿಂತೆ. ಮುಂದೆ ಬರಲಿಲ್ಲ. ಶಾಲೆಯ ಗಂಟೆ ಹೊಡೆದು ಮಕ್ಕಳು ಜಗಲಿಯ ಮೇಲೆಲ್ಲ ಓಡಿದರು. ಮೇಷ್ಟ್ರು ಕಾದರು.

“ಉಳಿದದ್ದು ನೀವೇ ಹೇಳಿ ಸಾರ್. ಬರ್ಕೊಳ್ತೀನಿ.”

“ಹೇಳಲ್ಲಪ್ಪ. ನಾನು ಹೇಳಿದ್ರೆ ಅವನ್ನೂ ನಾನೇ ಕಟ್ಟಿದ್ದು ಅಂತಾರೆ. ಶಿಡ್ಲಘಟ್ಟದ ಆಚೆ ಬಂಡೆ ಹತ್ರ ಅವರ ಗುಡಿಸಲು ಇದಾವೆ. ಹೋಗಿ ಅವರನ್ನೇ ಕೇಳು. ನೀನು ಆಧಾರ ಕೇಳೋನಲ್ವಾ?”

ಆ ಮಾತಿನಲ್ಲಿ ಕುಟುಕು ಇತ್ತೋ, ಇರಲಿಲ್ಲವೋ. ನನಗೆ ಬಸ್ಸು ಹತ್ತಿಸಲು ಅವರೇ ರಸ್ತೆಯವರೆಗೆ ಬಂದರು. ನಾನು ಬೇಡವೆಂದರೂ ಕಂಡಕ್ಟರಿಗೆ, “ಇವರು ಉಪನ್ಯಾಸಕರಪ್ಪ, ಮುಂದೆ ಜಾಗ ಕೊಡು,” ಎಂದು ಹೇಳಿದರು. ಆಮೇಲೆ ನಾನು ಅವರನ್ನು ನೋಡಲಿಲ್ಲ. ಎರಡು ವರ್ಷ ಕಳೆದು, ಅವರು ಹೋದರೆಂದು ಚಿಂತಾಮಣಿಯಿಂದ ಅವರ ಅಕ್ಕ ಯಾರ ಕೈಯಲ್ಲೋ ಕಾರ್ಡು ಬರೆಸಿದ್ದರು.

ಬಂಡೆಗೆ ನಾನು ಹೋದದ್ದು ಆ ಕಾರ್ಡು ಬಂದ ಮೇಲೆ. ಅಲ್ಲಿ ಗುಡಿಸಲುಗಳು ಇರಲಿಲ್ಲ. ಮೂರು ಒಲೆಗಳ ಕಲ್ಲು, ಮುರಿದ ಒಂದು ಸುತ್ತಿಗೆಯ ಕಾವು, ಬಂಡೆಯ ಮೇಲೆ ಸಾಲಾಗಿ ಉಳಿ ಹೊಡೆದ ಗುಂಡಿಗಳು. ಅವರೆಲ್ಲ ಆಂಧ್ರದ ಕಡೆ ಯಾವುದೋ ಅಣೆಕಟ್ಟಿನ ಕೆಲಸಕ್ಕೆ ಹೋದರೆಂದು ಕುರಿ ಕಾಯುವ ಹೆಂಗಸೊಬ್ಬಳು ಹೇಳಿದಳು. ಯಾವ ಅಣೆಕಟ್ಟು ಎಂದು ಕೇಳಿದೆ. “ಅದೆಲ್ಲ ಯಾರಪ್ಪ ಕೇಳಿಟ್ಕೊಂಡಿರ್ತಾರೆ,” ಎಂದಳು.

ಗಂಗುಲಪ್ಪ. ಓಬಳೇಶ. ಸುಂಕಮ್ಮ. ಇಷ್ಟಕ್ಕೆ ನಾನು ಜವಾಬ್ದಾರ. ನಾಲ್ಕನೆಯದು ಪೆದ್ದನ್ನ ಎಂದು ಬರೆಯಲು ಎಷ್ಟೋ ಸಲ ಕೈ ಹೋಗಿದೆ. ಆ ದಿನ ಶಾಮಿಯಾನದ ಕೆಳಗೆ ಅದನ್ನು ಕೇಳಿದ್ದೆನೋ, ಖಾಲಿ ಬಿಡಲಾರದೆ ನಾನೇ ಇಡುತ್ತಿದ್ದೇನೋ ನನಗೆ ಗೊತ್ತಿಲ್ಲ. ಬರೆದಿದ್ದೇನೆ. ಹೊಡೆದುಹಾಕಲು ಮನಸ್ಸು ಬರುತ್ತಿಲ್ಲ.